ಕಾಲುಪೇಟಿಯ ಗಾಳಿ

ಕುಕನೂರು, ೩ ಜನವರಿ ೧೯೩೮, ಸೋಮವಾರ

ಇವತ್ತೂ ಎರಡು ಸಲ ಮುಖ ಬೋಳಿಸಿಕೊಂಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನೋಡುವವರು ಯಾರೂ ಇಲ್ಲ. ಅಕ್ಕ ಹುಲಗಮ್ಮನ ಹಿತ್ತಲಲ್ಲಿ ಎರಡು ಎಮ್ಮೆಗಳಿವೆ, ಅವಕ್ಕೆ ನನ್ನ ಕೆನ್ನೆಯ ನುಣುಪಿನ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ. ಆದರೆ ಯಾವ ಗಳಿಗೆಯಲ್ಲಿ ಯಾವ ಕಂಪನಿಯಿಂದ ಕರೆ ಬರುತ್ತದೋ ಹೇಳಲಾಗದು. ಹದಿನಾರು ವರ್ಷ ನಾಟಕದಲ್ಲಿ ನಾಯಕಿಯಾಗಿ ಬಾಳಿದ ಮುಖ ಇದು. ನಾನು ರಾಣಿಯಾಗಿ ಒಂದು ಹನಿ ಕಣ್ಣೀರು ಹಾಕಿದರೆ ಬಳ್ಳಾರಿಯ ಹತ್ತಿ ವ್ಯಾಪಾರಿಗಳು ಪಂಚೆಯ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಈಗ ಮಾತಾಡುವ ಸಿನಿಮಾ ಬಂದಿದೆ. ಅರ್ಧ ಜನ ಆ ಕಡೆ ಹೋದರು. ಉಳಿದ ಅರ್ಧ ಜನಕ್ಕೆ ಹೆಂಗಸಿನ ಪಾತ್ರಕ್ಕೆ ಹೆಂಗಸೇ ಬೇಕಂತೆ. ಎಂಥ ರುಚಿಗೆಟ್ಟ ಕಾಲ! ಹೆಂಗಸು ಹೆಂಗಸಾಗುವುದರಲ್ಲಿ ಕಲೆ ಎಲ್ಲಿ ಬಂತು? ನಮ್ಮ ಮಾಲೀಕರು ದಸರೆಗೆ ಮೊದಲು ಒಂದು ಬೆಳಿಗ್ಗೆ ರೈಲು ಹತ್ತಿದವರು ಎಲ್ಲಿ ಇಳಿದರೋ ಇವತ್ತಿಗೂ ಸುದ್ದಿಯಿಲ್ಲ. ಇದ್ದ ಸಾಮಾನು ಹಂಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ನನ್ನ ಜರತಾರಿ ಸೀರೆ ಮತ್ತು ಕಂಪನಿಯ ಕಾಲುಪೇಟಿ.

ಭಾವ ಗ್ಯಾನಪ್ಪ ಅದನ್ನು ಹೊಲಿಗೆ ಯಂತ್ರ ಅಂದುಕೊಂಡಿದ್ದರು. ಮೇಜಿನಷ್ಟು ಎತ್ತರ, ಕೆಳಗೆ ತುಳಿಯಲು ಎರಡು ಹಲಗೆ, ಅವರ ತಪ್ಪೇನಿಲ್ಲ. ಹಾರ್ಮೋನಿಯಂ ಪೇಟಿ, ಕಾಲಿನಿಂದ ಗಾಳಿ ಹಾಕಿ ಎರಡೂ ಕೈಯಿಂದ ಬಾರಿಸುವುದು ಎಂದು ತಿಳಿಸಿ ಹೇಳಿದೆ.

"ಗಾಳಿ ಅಂಗಳದಾಗ ಪುಕ್ಕಟ ಬರತೈತಿ. ಅದಕ್ಯಾಕೋ ಇಷ್ಟು ಕಟಗಿ?" ಅಂದರು.

ಯುಗಾದಿಯಿಂದ ಹತ್ತಿ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ತೂಗುವ ಕೆಲಸಕ್ಕೆ ನನ್ನ ಹೆಸರು ಹೇಳಿ ಬಂದಿದ್ದಾರೆ. ಮಹಾರಾಣಿ ಅಂಡಿಗೆ ತೂಗಬೇಕು.

೫ ಜನವರಿ, ಬುಧವಾರ

ಸಾಲೆಯ ಹೆಡ್ ಮಾಸ್ತರ ಶಾಮೀದಸಾಬರು ಛತ್ರಿ ಹಿಡಿದು ಬಂದರು. ಜನವರಿಯಲ್ಲಿ ಛತ್ರಿ ಯಾಕೆಂದು ಯಾರೂ ಕೇಳುವುದಿಲ್ಲ; ಅದು ಅವರ ಅಧಿಕಾರದ ಕೋಲು.

"ಗೋಣೆಪ್ಪನವರ, ಕೊಪ್ಪಳಕ್ಕ ಹೊಸ ಸಾಹೇಬ್ರು ಬಂದಾರಲ್ರಿ, ಅವರ ಬೇಗಂ ಸಾಹೇಬ್ರು ಹೈದರಾಬಾದಿನಿಂದ ಪಿಯಾನೋ ತರಿಸ್ಯಾರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ, ನಾಲ್ಕೂ ಕಡಿಯಿಂದ ಮಕ್ಕಳು ಬಂದು ಅದನ್ನ ಬಾರಿಸಬೇಕಂತ. ಪಿಯಾನೋ ಜಲಸಾ ಅಂತ. ಹುಕುಂ ಆಗೈತಿ."

"ನಾಲ್ಕೂ ತಾಲೂಕಿನ್ಯಾಗ ಪಿಯಾನೋ ಯಾರ ಮನ್ಯಾಗ ಐತ್ರಿ?"

"ಹುಕುಮಿನ್ಯಾಗ ಅದನ್ನ ಬರದಿಲ್ಲ."

ನಮ್ಮ ಯಲಬುರ್ಗಿ ತಾಲೂಕಿನ ಪಾಲು ಕುಕನೂರ ಸಾಲೆಯ ತಲೆಗೆ ಬಂದಿದೆ, ಸಾಲೆಯ ಪಾಲು ನನ್ನ ತಲೆಗೆ. ಒಲ್ಲೆ ಅನ್ನಲು ಬಾಯಿ ತೆರೆದಿದ್ದೆ. ಆಗ ಅವರು ಕೊನೆಯ ಮಾತು ಹೇಳಿದರು: ಯಾರ ಮಕ್ಕಳು ಗೆಲ್ಲುತ್ತಾರೋ ಆ ಮಾಸ್ತರನಿಗೆ ಬೇಗಂ ಸಾಹೇಬರು ತೆರೆಯುವ ಹೊಸ ಸಾಲೆಯಲ್ಲಿ ಸಂಗೀತ ಮಾಸ್ತರಿಕೆ. ಖಾಯಂ ನೌಕರಿ. ತೆರೆದ ಬಾಯಿಯನ್ನು ಹಾಗೇ ನಗೆಯಾಗಿ ತಿರುಗಿಸಿದೆ. ಕಲಾವಿದನಿಗೆ ಅಷ್ಟಾದರೂ ಬರಬೇಕು.

"ಪಿಯಾನೋ ನೋಡೀರೇನ್ರಿ ನೀವು?" ಎಂದು ಕೇಳಿದರು.

"ದಿನಾ ನೋಡೇನಲ್ರಿ!" ಅಂದೆ. ಸುಳ್ಳಲ್ಲ. ನಮ್ಮ ಕಂಪನಿಯ ಬಂಗಲೆ ಸೀನಿನ ಪಡದೆಯ ಮೇಲೆ ಒಂದು ಪಿಯಾನೋ ಬರೆದಿತ್ತು. ಬೆರಳು ಒತ್ತುವ ಬಿಳಿ ಮನೆ, ಕರಿ ಮನೆ ಎಲ್ಲಾ ನಮ್ಮ ಪೇಟಿಯಲ್ಲಿದ್ದ ಹಾಗೇ, ಕೆಳಗೆ ತುಳಿಯುವ ಎರಡು ಹಲಗೆ. ಹದಿನಾರು ವರ್ಷ ಅದರ ಮುಂದೆ ನಿಂತು ವಿರಹ ಅನುಭವಿಸಿದ್ದೇನೆ. ಪಿಯಾನೋ ಎಂದರೆ ಕಾಲುಪೇಟಿಯ ದೊಡ್ಡಪ್ಪ, ಅಷ್ಟೆ.

೧೧ ಜನವರಿ, ಮಂಗಳವಾರ

ಮಕ್ಕಳು! ದೇವರು ಮಂಗನನ್ನು ಮಾಡಿ ಸುಮ್ಮನಿರಬಹುದಿತ್ತು.

ಸಾಲೆಯಿಂದ ಹದಿಮೂರು ಹುಡುಗರನ್ನು ಅಟ್ಟಿದರು. ಹನ್ನೆರಡು ಮಂದಿಯ ಬೆರಳು ಎತ್ತಿನ ಗೊರಸು. ಒಬ್ಬ ಪೇಟಿಯ ಮನೆಗಳ ಸಂದಿಯಲ್ಲಿ ಸುಟ್ಟ ಜೋಳದ ಸೀತನಿ ಉದುರಿಸಿದ. ಈಗ ಷಡ್ಜ ಒತ್ತಿದರೆ ಕರಕರ ಅನ್ನುತ್ತದೆ. ಉಳಿದವನು ಗಾದಿ ಮಾಡುವ ಉಮರಸಾಬನ ಮಗ ಟಿಪ್ಪುಸಾಬ. ಹನ್ನೊಂದು ವರ್ಷ, ಯಾವಾಗಲೂ ತಲೆಯ ಮೇಲೆ ಹತ್ತಿಯ ನಾರು. ಅವನಪ್ಪ ಹಿಂಜುವ ಬಿಲ್ಲಿನ ಸದ್ದು ಕೇಳುತ್ತಾ ಬೆಳೆದದ್ದಕ್ಕೋ ಏನೋ, ಒಮ್ಮೆ ಕೇಳಿಸಿದ್ದನ್ನು ಹಾಗೇ ಬೆರಳಿಗೆ ಇಳಿಸುತ್ತಾನೆ. ಹೊಟ್ಟೆಕಿಚ್ಚಾಯಿತು. ನನಗೆ ಆ ವಯಸ್ಸಿನಲ್ಲಿ ಹಾಗೆ ಬರುತ್ತಿರಲಿಲ್ಲ.

ಆದರೆ ಅವನನ್ನು ಎರಡು ಜೋಳದ ಚೀಲದ ಮೇಲೆ ಕೂರಿಸಿದರೆ ಕೈ ಮುಟ್ಟುತ್ತದೆ, ಕಾಲು ಮುಟ್ಟುವುದಿಲ್ಲ. ಚೀಲ ತೆಗೆದರೆ ಕಾಲು ಮುಟ್ಟುತ್ತದೆ, ಕೈ ಮುಟ್ಟುವುದಿಲ್ಲ. ಅತ್ತ ದರಿ ಇತ್ತ ಪುಲಿ.

ಅಷ್ಟರಲ್ಲಿ ಹದ ಮಾಡಿದ ಅಕ್ಕನ ಕುಡುಗೋಲನ್ನು ಕೊಟ್ಟು ಹೋಗಲು ಕಮ್ಮಾರ ಹೊಳಿಯಪ್ಪನ ಮಗಳು ಬಂದಿದ್ದಳು. ಪಕ್ಕೀರವ್ವ ಅಂತ, ಹತ್ತು ವರ್ಷವಿರಬಹುದು, ಮುಖದ ತುಂಬ ಇದ್ದಿಲ ಮಸಿ. ನಮ್ಮ ಪಡಿಪಾಟಲನ್ನು ಸ್ವಲ್ಪ ಹೊತ್ತು ನೋಡಿದಳು. ಯಾರನ್ನೂ ಕೇಳದೆ ಪೇಟಿಯ ಕೆಳಗೆ ನುಸುಳಿ, ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಯಿಂದ ಹಲಗೆಗಳನ್ನು ಒಂದಾದ ಮೇಲೊಂದು ಒತ್ತತೊಡಗಿದಳು. ಗಾಳಿ ಸಮನಾಗಿ, ದಾರ ಎಳೆದ ಹಾಗೆ ಬಂತು.

"ಇದು ನಮ್ಮ ಕುಲುಮಿ ತಿದಿ ಇದ್ದಂಗ ಐತ್ರಿ. ನಮ್ದು ಇದಕ್ಕಿಂತಾ ಬಿರಸು," ಅಂದಳು.

ಸರಿ, ಮೇಲೆ ಒಬ್ಬ, ಕೆಳಗೆ ಒಬ್ಬಳು. ಗಾಳಿಗೆ ಕತ್ತೆಯಾದರೂ ನಡೆಯುತ್ತದೆ, ಹುಡುಗಿ ನಡೆಯದೆ ಏನು.

೧೪ ಜನವರಿ

ಸಂಕ್ರಮಣ. ಮಾದಲಿ ತಿಂದು ಮಲಗಿದೆ. ಕಂಪನಿಗಳಿಂದ ಕರೆ ಇಲ್ಲ.

೧೯ ಜನವರಿ, ಬುಧವಾರ

ಭೂಪ ರಾಗದಲ್ಲಿ ನನ್ನ ಹಳೆಯ ಪ್ರವೇಶದ ಮಟ್ಟನ್ನು ಕಲಿಸುತ್ತಿದ್ದೇನೆ. ನಾಯಕಿ ಹೂದೋಟಕ್ಕೆ ಬರುವಾಗಿನದು. ಈ ಮಟ್ಟಿಗೆ ನಾನು ಸೊಂಟ ತಿರುಗಿಸಿದರೆ ಮುಂದಿನ ಸಾಲಿನ ಗೌಡರು ಎಲೆ ಅಡಿಕೆ ಅಗಿಯುವುದನ್ನು ಮರೆಯುತ್ತಿದ್ದರು. ಟಿಪ್ಪುವಿಗೆ ಇದನ್ನೆಲ್ಲಾ ಹೇಳಿದೆ. ಅವನು ಮೂಗು ಸುರಿಸಿಕೊಂಡ.

ತೊಂದರೆ ಬೇರೆ ಇದೆ. ನಡುವಿನ ಗಾಂಧಾರದ ಮನೆ ಸತ್ತಿದೆ. ಒತ್ತಿದರೆ ಕಟ್ಟಿಗೆಯ ಸದ್ದು ಬಿಟ್ಟರೆ ಏನೂ ಇಲ್ಲ. ಭೂಪದಲ್ಲಿ ಗಾಂಧಾರ ಇಲ್ಲದಿದ್ದರೆ ಮದುವೆಯಲ್ಲಿ ಮದುಮಗ ಇಲ್ಲದ ಹಾಗೆ. ಬೇರೆ ಮನೆಯಿಂದ ಶುರು ಮಾಡಿಸಿ ನೋಡಿದೆ. ಆ ಕಡೆ ಮೂರು ಮನೆಗಳಿಗೆ ಉಬ್ಬಸ. ಸ್ವರ ಹೊರಡಿಸುವ ಒಳಗಿನ ಹಿತ್ತಾಳೆ ನಾಲಗೆ, ಹೊಸ ರೀಡು, ಗದಗಿನಿಂದ ತರಿಸುತ್ತೇನೆ ಎಂದು ಶಾಮೀದಸಾಬರು ಛತ್ರಿಯ ಆಣೆ ಮಾಡಿ ಹೇಳಿದ್ದಾರೆ.

ಇವತ್ತು ಟಿಪ್ಪು ಬಾರಿಸುತ್ತಾ ಆ ಸತ್ತ ಮನೆಗೆ ಬಂದ. ಎಂದಿನಂತೆ ಟಕ್ ಅಂತ ಕಟ್ಟಿಗೆಯ ಸದ್ದು. ಆದರೆ ಆ ತೂತಿನಲ್ಲಿ ಪೇಟಿಯ ಕೆಳಗಿನಿಂದ ಒಂದು ಗಾಂಧಾರ ಎದ್ದಿತು. ನೇರ, ಗಟ್ಟಿ, ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ. ಬಗ್ಗಿ ನೋಡಿದೆ. ಪಕ್ಕೀರವ್ವ ಬಾಯಿ ತೆರೆದುಕೊಂಡೇ ಇದ್ದಳು.

"ಯಾಕ ಒದರಿದಿ?"

"ಅಲ್ಲಿ ಖಾಲಿ ಇತ್ತಲ್ರಿ."

ಬೈದೆ. ಬೈದ ಮೇಲೆ ಮತ್ತೆ ಹಾಡು ಅಂದೆ. ರೀಡು ಬರುವ ತನಕ ಇರಲಿ. ಬಂದ ಮೇಲೆ ಬಾಯಿ ಮುಚ್ಚಿಸಿದರಾಯಿತು.

೨೮ ಜನವರಿ, ಶುಕ್ರವಾರ

ಪಕ್ಕೀರವ್ವನನ್ನು ಕೊಪ್ಪಳಕ್ಕೆ ಕರೆದೊಯ್ಯಲು ಒಪ್ಪಿಗೆ ಕೇಳಲು ಕಮ್ಮಾರಸಾಲೆಗೆ ಹೋಗಿದ್ದೆ. ನನ್ನ ಧೋತರದ ಮೇಲೆ ಆರು ಕಿಡಿ ಬಿದ್ದವು. ಹೊಳಿಯಪ್ಪ ಗಾಡಿ ಗಾಲಿಯ ಕಬ್ಬಿಣದ ಕಟ್ಟು ಕಾಸುತ್ತಿದ್ದ. ಹುಡುಗಿ ತಿದಿ ಎಳೆಯುತ್ತಿದ್ದಳು. ಬೆಂಕಿ ಕೊಂಚ ಮಂಕಾದರೆ ಸಾಕು, ಅವನು ಕಣ್ಣೆತ್ತಿಯೂ ನೋಡದೆ ಗುಡುಗುತ್ತಾನೆ. ಬೆಂಕಿ ಆರಿದರೆ ಅಲ್ಲಿ ತಪ್ಪು ಇದ್ದಿಲಿನದಲ್ಲ, ಕಬ್ಬಿಣದ್ದಲ್ಲ, ತಿದಿಯವರದು. ಇವಳು ಮೈಯೆಲ್ಲಾ ಭಾರ ಹಾಕಿ ಎಳೆದು ಕೂಗುತ್ತಾಳೆ: "ಗಾಳಿ ಐತ್ಯಪ್ಪಾ, ಬಡಿ!" ಅವನು ಬಡಿಯುತ್ತಾನೆ. ಬೆಳಗಿನಿಂದ ಸಂಜೆಯ ತನಕ ಅಪ್ಪ ಮಗಳ ನಡುವೆ ಇದಿಷ್ಟೇ ಮಾತು.

"ಆಕಿ ಹೋದ್ರ ತಿದಿ ಯಾರು ಎಳೀಬೇಕ್ರಿ?" ಅಂದ.

"ಒಂದಿನ ನಾ ಎಳೀತೇನಿ, ಹೋಗ್ಲಿ ಬಿಡು. ಹುಡುಗಿ ರೈಲು ನೋಡಿಲ್ಲ," ಎಂದು ಅವನ ಹೆಂಡತಿ ಮುದುಕಮ್ಮ ಒಳಗಿನಿಂದ ಬಂದಳು. ನನ್ನ ಕಡೆ ತಿರುಗಿ, "ಅಲ್ಲಿ ಮಂದಿ ನೋಡತಾರೇನ್ರಿ ಮಾಸ್ತರ, ಈಕೀನ?" ಎಂದು ಕೇಳಿದಳು.

ಪೇಟಿಯ ಕೆಳಗೆ ಕೂತವರನ್ನು ಯಾವ ಮಂದಿ ನೋಡುತ್ತಾರೆ? ಆದರೆ ಆ ಹೆಂಗಸು ಕೇಳಿದ ರೀತಿಗೆ "ಎಲ್ಲಾರೂ ನೋಡತಾರವ್ವಾ" ಅಂದುಬಿಟ್ಟೆ. ನಾಟಕದವನ ಬಾಯಿ, ತಾನೇ ತೆರೆದುಕೊಳ್ಳುತ್ತದೆ.

೬ ಫೆಬ್ರವರಿ, ರವಿವಾರ

ರೀಡು ಬಂದಿಲ್ಲ. ಬರದಿದ್ದರೂ ನಡೆಯುತ್ತದೆ.

ಟಿಪ್ಪು ಎಡಗೈಯಲ್ಲಿ ಷಡ್ಜ ಪಂಚಮ ಹಿಡಿದು ಬಲಗೈಯಲ್ಲಿ ಮಟ್ಟು ನುಡಿಸುತ್ತಾನೆ. ಗಾಂಧಾರ ಕೆಳಗಿನಿಂದ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರರು, ನಡುವೆ ಹಲಗೆ ಇದೆ. ಆದರೂ ಒಂದೇ ಉಸಿರು. ಅವನು ಓಟ ಹಿಡಿಯುವ ಮೊದಲೇ ಇವಳು ಗಾಳಿ ತುಂಬಿರುತ್ತಾಳೆ. ಜಗಳವೂ ಆಡುತ್ತಾರೆ. "ನೀ ಗಾಳಿ ಕದೀತಿ," ಅಂತ ಅವನು. "ನೀ ತಿನ್ನಾಂವ, ನಾ ರೊಟ್ಟಿ ಬಡ್ಯಾಕಿ, ಸುಮ್ನ ತಿನ್ನು," ಅಂತ ಇವಳು. ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಇವತ್ತು ಮುಖ ಬೋಳಿಸಲಿಲ್ಲ. ಕತ್ತಿ ಮೊಂಡಾಗಿದೆ.

೧೫ ಫೆಬ್ರವರಿ, ಮಂಗಳವಾರ

ಹುಡುಗಿ ಎರಡು ದಿನ ಬರಲಿಲ್ಲ. ವಿಚಾರಿಸಿದರೆ, ಇದ್ದ ಒಂದು ಲಂಗ ಕಿಡಿ ಬಿದ್ದು ಸುಟ್ಟಿದೆ, ಅವ್ವನ ಸೀರೆ ಸುತ್ತಿಕೊಂಡು ಒಳಗೆ ಕೂತಿದ್ದಾಳೆ. ಕೊಪ್ಪಳಕ್ಕೆ ಬರುವುದಿಲ್ಲವಂತೆ. ಟಿಪ್ಪು ಇಲ್ಲಿ ಪೇಟಿಯ ಮುಂದೆ ಸುಮ್ಮನೆ ಕೂತಿದ್ದ; ಗಾಳಿಗೆ ನಾನು ಕೂರುತ್ತೇನೆ ಅಂದರೆ, "ನೀವು ಬ್ಯಾಡ್ರಿ, ನಿಮ್ಮ ಗಾಳಿ ಬಿಕ್ಕಳಸತೈತಿ," ಅಂದ.

ಮಾಸ್ತರಿಕೆ ಕೈತಪ್ಪಿದರೆ ಅಂಡಿಗೆ ತೂಗಬೇಕಲ್ಲ. ಅದಕ್ಕೇ ಪೆಟ್ಟಿಗೆ ತೆರೆದು ಜರತಾರಿ ಸೀರೆಯನ್ನು ಅಕ್ಕನ ಕೈಗೆ ಕೊಟ್ಟು, ಲಂಗ ಪೋಲಕ ಹೊಲಿ ಅಂದೆ.

ಅಕ್ಕ ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದರ ಮ್ಯಾಲ ಯಾರರೆ ಕೈ ಇಟ್ರ ಹುಲಿ ಆಗತಿದ್ದಿ. ನಾಳೆ ಕಂಪನ್ಯಾವ್ರು ಕರದ್ರ?"

"ಅದಕ್ಕ ನುಸಿ ಹತ್ತೈತಿ ಅಕ್ಕಾ."

"ಎಲ್ಲಿ ಹತ್ತೈತಿ, ತೋರ್ಸು."

ಎಲ್ಲೋ ಒಂದು ಕಡೆ ಹತ್ತಿತ್ತು. ಹುಡುಕಲು ಆಗ ವ್ಯವಧಾನ ಇರಲಿಲ್ಲ.

೨೩ ಫೆಬ್ರವರಿ, ಬುಧವಾರ

ನಾಳೆ ಬಂಡಿಯಲ್ಲಿ ಭಾನಾಪುರ ಸ್ಟೇಷನ್ನು, ಅಲ್ಲಿಂದ ರೈಲು. ಅಕ್ಕನೂ ಬರುತ್ತಾಳೆ. ಬುತ್ತಿಗೆ ಎಷ್ಟು ರೊಟ್ಟಿ ಬಡಿದಿದ್ದಾಳೆಂದರೆ ದಂಡಯಾತ್ರೆಗೆ ಸಾಲುತ್ತದೆ. ಭಾವ ಗ್ಯಾನಪ್ಪ ನನ್ನ ಮುಖವನ್ನು ನೋಡಿ, "ಗೋಣ್ಯಾ, ಮೀಸಿ ಬಂದಾವಲ್ಲೋ ನಿನಗ! ಅಂತೂ ಗಂಡಸಾದಿ," ಅಂದರು. ಕನ್ನಡಿ ನೋಡಿಕೊಂಡೆ. ಬಂದಿವೆ. ಬೋಳಿಸಲು ಕೂತಾಗ ಟಿಪ್ಪು ಬಂದು ಕೊನೆಯ ಓಟ ಇನ್ನೊಮ್ಮೆ ನೋಡ್ರಿ ಅಂದ, ಅಲ್ಲಿಗೆ ಹೊತ್ತು ಹೋಯಿತು.

೨೬ ಫೆಬ್ರವರಿ, ಶನಿವಾರ

ಮರಳಿ ಬಂದೆವು. ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಭಾವ ಕೇಳಿದಾಗಲೆಲ್ಲಾ ಬೇರೆ ಬೇರೆ ರೀತಿ ಹೇಳುತ್ತಿದ್ದೇನೆ. ನಡೆದದ್ದು ಒಂದು ಕಡೆಯಾದರೂ ನೆಟ್ಟಗೆ ಇರಲಿ.

ನಿನ್ನೆ ಶುಕ್ರವಾರ, ಹೈದರಾಬಾದ್ ಸಂಸ್ಥಾನದ ವಾರದ ರಜೆ. ಸಾಹೇಬರ ಬಂಗಲೆಯ ದೊಡ್ಡ ಹಾಲಿನಲ್ಲಿ ಜಲಸಾ. ಜಮಖಾನೆ, ಅತ್ತರು, ಕುರ್ಚಿಗಳ ಮೇಲೆ ಅಧಿಕಾರಿಗಳು, ಅವರ ಹಿಂದೆ ನಾಲ್ಕೂ ತಾಲೂಕಿನ ಹೊಟ್ಟೆಗಳು. ಪಿಯಾನೋ ಗೋಡೆಗೆ ಒರಗಿ ನಿಂತಿತ್ತು. ಕರಿ ಕಟ್ಟಿಗೆ, ಒಳ್ಳೆ ಮೆರುಗು. ಕೆಳಗೆ ಹಿತ್ತಾಳೆಯ ಎರಡು ಹಲಗೆಗಳು. ಶಾಮೀದಸಾಬರ ಪಕ್ಕೆ ತಿವಿದು, "ನೋಡ್ರಿ, ನಾ ಹೇಳಿದ್ದಿಲ್ಲ?" ಅಂದೆ.

ಆಗ ಗಂಗಾವತಿಯ ಹುಡುಗ ಒಬ್ಬ ಕೈ ಪಳಗಿಸಲು ಕೂತ. ಅವನ ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದವು. ಕೆಳಗೆ ಯಾರೂ ಇಲ್ಲ. ಒತ್ತಿದ, ಗಂಟೆ ಹೊಡೆದ ಹಾಗೆ ನಾದ ಬಂತು.

ಪಿಯಾನೋದ ಧೂಳು ಒರೆಸುವ ಆಳು ಮೆಹಬೂಬಸಾಬ ಅಲ್ಲೇ ನಿಂತಿದ್ದ. "ಗಾಳಿ ಎಲ್ಲಿಂದ ಬರತೈತೋ ಇದಕ್ಕ?" ಎಂದು ಕೇಳಿದೆ.

"ಎಂಥಾ ಗಾಳಿರಿ? ಒಳಗ ತಂತಿ ಅದಾವ. ಬೆರಳು ಇಟ್ರ ಒಳಗ ಸಣ್ಣ ಸುತಿಗಿ ಎದ್ದು ಬಡೀತಾವ."

"ಮತ್ತ ಕೆಳಗಿನ ಹಲಿಗಿ?"

"ಅವು ನಾದ ಎಳ್ಯಾಕಂತ, ಮೆತ್ತಗ ಮಾಡಾಕಂತ. ಒತ್ತಿದ್ರೂ ನಡೀತೈತಿ, ಬಿಟ್ರೂ ನಡೀತೈತಿ."

ಆ ಪಡದೆ ಬರೆದ ಪೇಂಟರ ಸಿಕ್ಕರೆ ಅವನ ಕುಂಚವನ್ನು ಅವನಿಗೇ ತಿನ್ನಿಸುತ್ತೇನೆ.

ಲೆಕ್ಕ ಸುಲಭವಾಗಿತ್ತು. ಗಾಂಧಾರದ ಮನೆ ಇಲ್ಲಿ ಜೀವಂತ ಇದೆ. ಗಾಳಿ ಬೇಡ. ಟಿಪ್ಪು ಒಬ್ಬನೇ ಕೂತು ಬಾರಿಸಿದರೆ ನಾಲ್ಕೂ ತಾಲೂಕಿನಲ್ಲಿ ಅವನ ಸರಿಸಾಟಿ ಇಲ್ಲ. ಮಾಸ್ತರಿಕೆ ನನ್ನ ಕೈಗೆ ಬಂದ ಹಾಗೇ. ಹುಡುಗಿಗೆ ಒಂದು ಮಾತು ಹೇಳಿ ಅಕ್ಕನ ಪಕ್ಕದಲ್ಲಿ ಕೂರಿಸಿದರೆ ಮುಗಿಯಿತು. ಹೇಳಲೆಂದೇ ಹಿತ್ತಲಿಗೆ ಹೋದೆ.

ಅಕ್ಕ ಅವಳಿಗೆ ಜಡೆ ಹಾಕಿ ಮುಗಿಸಿದ್ದಳು. ಮಸಿಯೆಲ್ಲಾ ತೊಳೆದು ಹೋಗಿ ಒಳಗಿನಿಂದ ಒಂದು ಮುಖ ಹೊರಗೆ ಬಂದಿತ್ತು. ನನ್ನ ಜರತಾರಿ ಅವಳ ಮೈಮೇಲೆ ಮಿಂಚುತ್ತಿತ್ತು. ನನ್ನ ಮೈಮೇಲೆ ಅದು ಹಾಗೆ ಎಂದೂ ಮಿಂಚಿರಲಿಲ್ಲ, ಸುಳ್ಳು ಹೇಳಿ ಏನು ಪ್ರಯೋಜನ. ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದಳು.

"ಮಾಸ್ತರ, ಕಿಡಕ್ಯಾಗಿಂದ ನೋಡಿದ್ನಿರಿ. ಭಾಳ ದೊಡ್ಡ ಪೇಟಿ ಐತಿ. ಅದಕ್ಕ ಗಾಳಿ ಭಾಳ ಬೇಕಾಗತೈತಿ ಅಲ್ರಿ? ಅದಕ್ಕಂತ ಎರಡು ರೊಟ್ಟಿ ಹೆಚ್ಚ ತಿಂದೇನ್ರಿ."

ಮೂರು ಅಂಕದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸುವ ನನ್ನ ನಾಲಗೆ ಬೇರೆಯದನ್ನೇ ಹೇಳಿತು.

"ಹೂಂ, ಭಾಳ ಬೇಕು," ಅಂದೆ.

ಬಿಡಿಸಿ ಹೇಳಲು ವೇಳೆ ಇರಲಿಲ್ಲ. ಕುಷ್ಟಗಿಯವರದು, ಕೊಪ್ಪಳದವರದು ಇನ್ನೂ ಬಾಕಿ ಇತ್ತು ಎಂಬುದು ನಿಜ. ಆದರೂ ವೇಳೆ ಇರಲಿಲ್ಲ.

ನಮ್ಮ ಹೆಸರು ಕರೆದರು. ಟಿಪ್ಪು ಮೇಲೆ ಕೂತ. ಪಕ್ಕೀರವ್ವ ಸಭೆಗೆಲ್ಲಾ ಕೈ ಮುಗಿದು, ಲಂಗ ಎತ್ತಿ ಹಿಡಿದು, ಅವನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಿತ್ತಾಳೆಯ ಹಲಗೆಗಳ ಮೇಲೆ ಅಂಗೈ ಇಟ್ಟಳು. ಕುರ್ಚಿಗಳ ಕಡೆ ಗುಜುಗುಜು ಎದ್ದಿತು. ಟಿಪ್ಪು ಶುರು ಮಾಡಿದ. ಇವಳು ಒತ್ತಿದಳು. ನಾದ ಒಮ್ಮೆ ಉದ್ದಕ್ಕೆ ಎಳೆದುಕೊಂಡು ಒಂದರ ಮೇಲೊಂದು ಬಿದ್ದಿತು, ಒಮ್ಮೆ ಮೆತ್ತಗಾಯಿತು, ಮತ್ತೆ ಎಳೆಯಿತು. ಭೂಪ ಹೊಳೆಯಲ್ಲಿ ಈಜಿದ ಹಾಗೆ ಕೇಳುತ್ತಿತ್ತು. ಗಾಂಧಾರ ಬಂತು. ಪಿಯಾನೋದ ಗಾಂಧಾರದ ಜೊತೆಗೇ ಕೆಳಗಿನಿಂದ ಇವಳದೂ ಎದ್ದಿತು.

ಮೊದಲು ಒಬ್ಬ ನಕ್ಕ. ಆಮೇಲೆ ಒಂದು ಸಾಲು. ಎರಡನೆಯ ಗಾಂಧಾರಕ್ಕೆ ಇಡೀ ಹಾಲು. ಒಬ್ಬ ಅಧಿಕಾರಿಯ ಟೋಪಿ ಬಿತ್ತು. ಟಿಪ್ಪುವಿನ ಕಿವಿ ಕೆಂಪಾಯಿತು, ಬೆರಳು ತಪ್ಪಿತು, ಕೈ ನಿಂತುಹೋಯಿತು.

ನಾದ ನಿಂತ ಕೂಡಲೇ ಪಕ್ಕೀರವ್ವ ಬೆದರಿದಳು. ಬೆಂಕಿ ಆರಿದರೆ ತಪ್ಪು ಯಾರದೆಂದು ಅವಳಿಗೆ ಗೊತ್ತಿದೆ. ಮೈಯೆಲ್ಲಾ ಭಾರ ಹಾಕಿ ಆ ಹಿತ್ತಾಳೆಯನ್ನು ಒತ್ತಿದಳು, ಒತ್ತಿ ಒತ್ತಿ ಕೂಗಿದಳು:

"ಗಾಳಿ ಐತೋ ಟಿಪ್ಪೂ, ಬಾರಿಸು! ಗಾಳಿ ಐತಿ!"

ಮತ್ತೆ ನಕ್ಕರು. ಟಿಪ್ಪು ಮಾತ್ರ ನಗಲಿಲ್ಲ. ಕೆಳಗೆ ಬಗ್ಗಿ ಅವಳನ್ನು ಒಮ್ಮೆ ನೋಡಿದ, ತೋಳಿನಿಂದ ಮೂಗು ಒರೆಸಿಕೊಂಡ, ಬಿಟ್ಟ ಕಡೆಯಿಂದ ಹಿಡಿದು ಬಾರಿಸಿದ. ಕೊನೆಯ ತನಕ ಬಾರಿಸಿದ. ಅಂಥ ಭೂಪವನ್ನು ನಾನು ಕೇಳಿಲ್ಲ. ನಾಯಕಿ ಹೂದೋಟಕ್ಕೆ ಬರುವುದು ನೆನಪಾಗಲಿಲ್ಲ ನನಗೆ. ಆ ಇಬ್ಬರು ಮಾತ್ರ ಕಂಡರು. ಕಣ್ಣು ಒರೆಸಿಕೊಂಡೆ. ಬಂಗಲೆಯಲ್ಲಿ ಅತ್ತರಿನ ಘಾಟು ಜಾಸ್ತಿ.

ಮುಮ್ತಾಜಬೇಗಂ ಸಾಹೇಬರು ನನ್ನನ್ನು ಹತ್ತಿರ ಕರೆದರು. ಕೆಟ್ಟ ಹೆಂಗಸಲ್ಲ, ಅವರಿಗೂ ನಗೆ ತಡೆದಿರಲಿಲ್ಲ ಅಷ್ಟೆ. ಉರ್ದುವಿನಲ್ಲಿ ಹೇಳಿದರು: ಹುಡುಗನ ಕೈ ಬಹಳ ಒಳ್ಳೆಯದಿದೆ, ಇಂಥದು ಇವತ್ತು ಇನ್ನೊಂದು ಕೇಳಲಿಲ್ಲ. ಆ ಹುಡುಗಿಯನ್ನು ಎಬ್ಬಿಸಿ ಹೊರಗೆ ಕಳಿಸಿ. ಇವನು ಒಬ್ಬನೇ, ಆ ಕೂಗಾಟ ಇಲ್ಲದೆ, ಇನ್ನೊಮ್ಮೆ ಬಾರಿಸಲಿ. ಗೆಲುವು ನಿಮ್ಮದೇ ಎಂದು ಹೇಳಿಬಿಡುತ್ತೇನೆ.

ತಿರುಗಿ ನೋಡಿದೆ. ಪಕ್ಕೀರವ್ವ ಇನ್ನೂ ಎದ್ದಿರಲಿಲ್ಲ. ಹಲಗೆಯ ಮೇಲೆ ಕೈ ಹಾಗೇ ಇತ್ತು. ಮಾಸ್ತರ ಇನ್ನ ಸಾಕು ಅನ್ನುವ ತನಕ ತಿದಿ ಬಿಡುವವಳಲ್ಲ. ಉರ್ದು ಅವಳಿಗೆ ಬರುವುದಿಲ್ಲ. ನನ್ನ ಮುಖ ನೋಡಿ ಹಲ್ಲು ಬಿಟ್ಟಳು.

"ಗಾಳಿ ಹಾಕುವವರಿಲ್ಲದೆ ನಮ್ಮ ಹುಡುಗ ಬಾರಿಸುವುದಿಲ್ಲ, ಬೇಗಂ ಸಾಹೇಬ," ಎಂದು ನಾನೂ ಉರ್ದುವಿನಲ್ಲೇ ಹೇಳಿದೆ.

ಪಿಯಾನೋಗೆ ಗಾಳಿ ಬೇಡ, ಸಂಗೀತ ಮಾಸ್ತರರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಕೇಳಿದರು.

"ಗೊತ್ತಿಲ್ಲ."

ಆಗ ಬಿದ್ದ ನಗೆಯನ್ನು ಬರೆದು ತೋರಿಸಲಾರೆ. ಹದಿನಾರು ವರ್ಷ ಜನರನ್ನು ಅಳಿಸಿದೆ. ಸುಮ್ಮನೆ ಹಾಸ್ಯಪಾತ್ರ ಹಾಕಿದ್ದರೆ ಇಷ್ಟು ಹೊತ್ತಿಗೆ ಸ್ವಂತ ಕಂಪನಿ ಇರುತ್ತಿತ್ತು. ಮಾಸ್ತರಿಕೆ ಗಂಗಾವತಿಯವನಿಗೆ ಆಯಿತು.  ಶಾಮೀದಸಾಬರು ಸ್ಟೇಷನ್ನಿನ ತನಕ ನನ್ನ ಮುಖ ಕಾಣದ ಹಾಗೆ ಛತ್ರಿ ಬಿಚ್ಚಿ ನನ್ನ ಕಡೆಯ ಭುಜದ ಮೇಲೆ ಹಿಡಿದುಕೊಂಡಿದ್ದರು.

ಹುಡುಗಿ ಮಾತ್ರ ರೈಲಿನಲ್ಲಿ ಬಾಯಿ ಮುಚ್ಚಲಿಲ್ಲ. "ನಕ್ಕ ನಕ್ಕ ಎಷ್ಟು ಖುಷಿ ಪಟ್ರು ನೋಡ್ರಿ ಮಂದಿ! ಆ ಪೇಟಿ ಗಾಳಿ ಭಾಳ ಹಗುರ ಐತ್ರಿ ಮಾಸ್ತರ. ಇಷ್ಟ ಬೆರಳು ಇಟ್ರ ಸಾಕು, ಬಂದಬಿಡತೈತಿ. ಶ್ರೀಮಂತರ ಗಾಳಿ ಅಂದ್ರ ಹಂಗ ಇರತೈತೇನ್ರಿ?"

ಭಾನಾಪುರದಿಂದ ಬಂಡಿಯಲ್ಲಿ ಅವಳು ಅಕ್ಕನ ತೊಡೆಯ ಮೇಲೆ ನಿದ್ದೆ ಹೋದಳು. ಆಗ ಟಿಪ್ಪು ನನ್ನ ಹತ್ತಿರ ಸರಿದ. ಅವರ ಮನೆಯ ಮಾತು ಅದೇ ಉರ್ದು ಎಂಬುದನ್ನು ನಾನು ಮರೆತಿದ್ದೆ.

"ನಾ ಒಬ್ಬನ ಬಾರಿಸಿದ್ರ ನಿಮಗ ನೌಕರಿ ಸಿಗತಿತ್ತಲ್ರಿ."

"ಸುಮ್ನ ಮಲಕೋಲೇ."

"ಒತ್ತಿದ ಕೂಡ್ಲೆ ನನಗ ಗೊತ್ತಾತ್ರಿ, ಗಾಳಿ ಬ್ಯಾಡ ಅದಕ್ಕ ಅಂತ." ನಿದ್ದೆಹೋದ ಪಕ್ಕೀರವ್ವನ ಕಡೆ ನೋಡಿ ಅಂದ, "ಆಕಿಗೆ ನಾ ಹೇಳಂಗಿಲ್ರಿ."

ಅವನ ತಲೆಯ ಮೇಲಿದ್ದ ಹತ್ತಿಯ ನಾರನ್ನು ತೆಗೆದುಹಾಕಿದೆ. ಅಲ್ಲಿಗೆ ಜಲಸಾ ಮುಗಿಯಿತು.

೪ ಮಾರ್ಚ್, ಶುಕ್ರವಾರ

ಕರೆ ಬಂದಿದೆ! ಗದಗಿನಲ್ಲಿ ಬಿಡಾರ ಹೂಡಿರುವ ಒಂದು ಕಂಪನಿಯಿಂದ. ನಾಯಕಿಯ ಪಾತ್ರವೇ. ಮುಖ ಬೋಳಿಸಿಕೊಂಡು ಸ್ವಂತ ಜರತಾರಿಯೊಂದಿಗೆ ಕೂಡಲೇ ಹೊರಟು ಬರತಕ್ಕದ್ದು ಎಂದು ಬರೆದಿದ್ದಾರೆ.

ಜರತಾರಿ ಈಗ ಕಮ್ಮಾರಸಾಲೆಯಲ್ಲಿದೆ. ನಿನ್ನೆ ಅದನ್ನುಟ್ಟುಕೊಂಡೇ ತಿದಿ ಎಳೆಯುತ್ತಿದ್ದಳು, ಬಿಚ್ಚಲು ಒಲ್ಲಳಂತೆ. ಲಂಗದ ಅಂಚಿನಲ್ಲಿ ಆಗಲೇ ಎರಡು ಕಿಡಿಯ ತೂತು. ನೋಡಿದರೆ ನನಗೆ ಸಿಟ್ಟು ಬರಬೇಕಿತ್ತು.

ಉತ್ತರ ನಾಳೆ ಬರೆದರಾಯಿತು.

೬ ಮಾರ್ಚ್, ರವಿವಾರ

ಉತ್ತರ ಬರೆಯಲಿಲ್ಲ. ಹತ್ತಿ ಜಿನ್ನಿನವರು ಯುಗಾದಿಯಿಂದ ಬರ್ರಿ ಅಂದಿದ್ದಾರೆ. ಕೆಲಸ ಹಗಲು ಮಾತ್ರ, ಸಂಜೆ ಬಿಡುವು. ಕಮ್ಮಾರರ ಓಣಿಯಿಂದ ಇನ್ನೂ ಮೂವರು ಹುಡುಗಿಯರು ಪೇಟಿ ನೋಡಲು ಬರುತ್ತಾರಂತೆ. ನೋಡಲು ಅಷ್ಟೇ ಎಂದು ಗಟ್ಟಿಯಾಗಿ ಹೇಳಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ನೋಡೋಣ.

ಟಿಪ್ಪು ಸೋದರಮಾವನ ಮದುವೆಗೆ ಹನುಮಸಾಗರಕ್ಕೆ ಹೋಗಿದ್ದಾನೆ. ಸಂಜೆ ಪಕ್ಕೀರವ್ವ ಒಬ್ಬಳೇ ಬಂದಳು. ಕೆಳಗೆ ನುಸುಳಲಿಲ್ಲ. ಪೇಟಿಯ ಮುಂದೆ ನಿಂತು ಬಿಳಿ ಮನೆಗಳ ಮೇಲೆ ಬೆರಳು ಆಡಿಸಿದಳು. ಗಾಳಿ ಇಲ್ಲದ್ದಕ್ಕೆ ಸದ್ದು ಬರಲಿಲ್ಲ.

"ಮಾಸ್ತರ, ಮ್ಯಾಲ ಕುಂದ್ರಲ್ರಿ ನಾನು ಒಂದಿನ?"

"ಕುಂದ್ರು. ಕಾಲು ಮುಟ್ಟಂಗಿಲ್ಲಲ್ಲ, ಗಾಳಿ ಯಾರು ಹಾಕಬೇಕು?"

ಅವಳು ಪೇಟಿಯ ಕೆಳಗಿನ ಹಲಗೆಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಎರಡು ಚೀಲದ ಮೇಲೆ ಅವಳನ್ನು ಕೂರಿಸಿ, ಧೋತರ ಎತ್ತಿ ಕಟ್ಟಿ, ನಾನು ಕೆಳಗೆ ನುಸುಳಿದೆ. ತಲೆ ಹಲಗೆಗೆ ಬಡಿಯಿತು. ಅಲ್ಲಿಂದ ಏನೂ ಕಾಣುವುದಿಲ್ಲ, ಹುಡುಗಿಯ ಎರಡು ಪಾದ ಮತ್ತು ನನ್ನದೇ ಜರತಾರಿಯ ಅಂಚು ಮಾತ್ರ. ಎಮ್ಮೆಗೆ ಹುಲ್ಲು ಹಾಕಲು ಹೋಗುತ್ತಿದ್ದ ಭಾವ ಬಾಗಿಲಲ್ಲಿ ನಿಂತು ನೋಡಿದರು. ಹೊಲಿಗೆ ಯಂತ್ರ ರಿಪೇರಿ ಅಂದುಕೊಂಡು ಹೋದರೋ ಏನೋ.

ಒತ್ತಿದೆ. ಅವಳು ಶುರು ಮಾಡಿದಳು. ಯಾರೂ ಕಲಿಸಿರಲಿಲ್ಲ, ಕೆಳಗೆ ಕೂತೇ ಇಡೀ ಮಟ್ಟನ್ನು ಕೇಳಿ ಇಟ್ಟುಕೊಂಡಿದ್ದಾಳೆ. ಒಂದೊಂದೇ ಬೆರಳಿನಿಂದ, ತಡವಿ ತಡವಿ, ಆದರೆ ತಪ್ಪಿಲ್ಲದೆ. ಷಡ್ಜ, ರಿಷಭ. ಆಮೇಲೆ ಟಕ್ ಎಂದು ಸತ್ತ ಮನೆ. ಅವಳ ಕೈ ಅಲ್ಲೇ ನಿಂತಿತು. ಮುಂದೆ ಹೋಗಲಿಲ್ಲ. ಕಾಯುತ್ತಿದ್ದಳು.

ನಾನು ಗಾಂಧಾರ ಹಾಡಿದೆ.

ಮೇಲಿನಿಂದ ಅವಳ ದನಿ ಬಂತು: "ಛಲೋ ಐತ್ರಿ ಮಾಸ್ತರ. ಗಾಳಿ ಒಂದೀಟ ಕಡಿಮಿ ಆತು."